ಕ್ರೋಮಿಯಂನ ಐದನೇ ಎಲೆಕ್ಟ್ರಾನ್

ಹುಣಸೂರಿನ ಒಂದು ಜೂನಿಯರ್ ಕಾಲೇಜಿನಲ್ಲಿ ಮಹದೇವಯ್ಯ ಹದಿನಾಲ್ಕು ವರ್ಷದಿಂದ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದ. ಹುಟ್ಟಿದ್ದು ಭೇರ್ಯದಲ್ಲಿ, ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡದಲ್ಲಿ. ಪಿಯುಸಿಗೆ ಸೇರಿದ ಮೊದಲ ವಾರ ಮೇಷ್ಟ್ರು ಪರಮಾಣುವಿನ ರಚನೆಯನ್ನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಾಗ ಒಂದಕ್ಷರವೂ ತಲೆಗೆ ಹತ್ತದೆ, ಹಿಂದಿನ ಬೆಂಚಿನಲ್ಲಿ ಕಣ್ಣು ತುಂಬಿಕೊಂಡು ಕೂತದ್ದು ಅವನಿಗೆ ನಲವತ್ತೆರಡರ ವಯಸ್ಸಿನಲ್ಲೂ ಚೆನ್ನಾಗಿ ನೆನಪಿತ್ತು. ನ್ಯೂಕ್ಲಿಯಸ್ ಅಂದರೆ ಯಾವುದೋ ದೂರದ ಊರಿರಬೇಕು ಅಂದುಕೊಂಡಿದ್ದನಂತೆ ಆಗ.

ಅದಕ್ಕೇ ಅವನ ನೋಟ್ಸಿನ ರೀತಿಯೇ ಬೇರೆ. ಮೊದಲು ಪ್ರಶ್ನೆ, ಆಮೇಲೆ ಪರೀಕ್ಷೆಯಲ್ಲಿ ಬರೆಯಲು ಸಣ್ಣಸಣ್ಣ ಇಂಗ್ಲಿಷ್ ವಾಕ್ಯಗಳ ಉತ್ತರ, ಅದರ ಕೆಳಗೆ ಕನ್ನಡದಲ್ಲಿ ವಿವರಣೆ. ವಿವರಣೆಗೆ ಬೇಕಾದ ಹೋಲಿಕೆಗಳನ್ನು ತನ್ನ ಹೊಲಮನೆಯಿಂದಲೇ ತರುತ್ತಿದ್ದ. ಒಂದೇ ಶಕ್ತಿಯ ಐದು ಡಿ ಆರ್ಬಿಟಲ್‌ಗಳಲ್ಲಿ ಎಲೆಕ್ಟ್ರಾನುಗಳು ಹೇಗೆ ತುಂಬಿಕೊಳ್ಳುತ್ತವೆ? ದನದ ಸಂತೆಯಲ್ಲಿ ಎತ್ತು ಕಟ್ಟುವ ಹಾಗೆ. ಮೊದಲು ಗೂಟಕ್ಕೊಂದು ಎತ್ತು. ಎಲ್ಲ ಗೂಟಕ್ಕೂ ಒಂದೊಂದು ಆದಮೇಲೆ ಜೋಡಿ. ಈ ಮಾತನ್ನು ಅವನು ಇಂಗ್ಲಿಷ್ ಉತ್ತರದೊಳಕ್ಕೂ ತಂದಿದ್ದ: 'ಫಸ್ಟ್ ವನ್ ಬುಲಕ್ ಫಾರ್ ವನ್ ಪೆಗ್.' ಓದಿದ ಮಕ್ಕಳು ನಗುತ್ತಿದ್ದರು, ಆದರೆ ಮರೆಯುತ್ತಿರಲಿಲ್ಲ.

ತೊಂಬತ್ತೇಳರಲ್ಲಿ ಹುಣಸೂರಿನ ಪ್ರೆಸ್ಸಿನ ಸಿದ್ದಮಲ್ಲಪ್ಪ, "ಇದನ್ನ ಪುಸ್ತಕ ಮಾಡನ ಮೇಷ್ಟ್ರೇ, ನಾಕು ತಾಲ್ಲೂಕಿನ ಮಕ್ಕಳಿಗೆ ಉಪಯೋಗ ಆಯ್ತದೆ" ಎಂದು ಹಟ ಹಿಡಿದ. ಮಹದೇವಯ್ಯ ಒಪ್ಪಿದ. ಎರಡನೇ ಪಿಯುಸಿಯ ಪೂರ್ತಿ ಪಾಠ, ಜೊತೆಗೆ ಅಡಿಪಾಯಕ್ಕೆಂದು ಪರಮಾಣು ರಚನೆ, ಐಸೊಟೋಪು, ಎಲೆಕ್ಟ್ರಾನ್ ವಿನ್ಯಾಸ ಎಲ್ಲ ಸೇರಿ ನೂರ ಅರವತ್ತು ಪುಟವಾಯಿತು. ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಟೈಪು ಮಾಡುತ್ತಿದ್ದವಳು ಕಾವ್ಯಶ್ರೀ ಎಂಬ ಹುಡುಗಿ. ಓದಿದ್ದು ಆರ್ಟ್ಸ್, ಆದರೆ ಕಣ್ಣು ಬಹಳ ಚುರುಕು.

ಕೊನೆಯ ಪ್ರೂಫಿಗೆ ಸಹಿ ಹಾಕುವ ದಿನ ಮಹದೇವಯ್ಯನಿಗೆ ಆತುರವಿತ್ತು. ಕೆ.ಆರ್.ನಗರದಲ್ಲಿ ಷಡ್ಡಕನ ಮನೆಯ ಗೃಹಪ್ರವೇಶ. ಹೆಂಡತಿ ವಿಮಲಮ್ಮ ರೇಷ್ಮೆ ಸೀರೆ ಉಟ್ಟುಕೊಂಡು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಳು. ಪುಟಗಳನ್ನು ಮಗುಚುತ್ತಾ ಸಹಿ ಹಾಕುತ್ತಿದ್ದಾಗ ಕಾವ್ಯಶ್ರೀ ಒಂದು ಹಾಳೆ ಹಿಡಿದುಕೊಂಡು ಬಂದಳು.

"ಸಾರ್, ಈ ಟೇಬಲ್ ನೋಡಿ. ಸ್ಕ್ಯಾಂಡಿಯಂಗೆ ಒಂದು, ಟೈಟಾನಿಯಂಗೆ ಎರಡು, ವೆನೇಡಿಯಂಗೆ ಮೂರು ಅಂತ ಐತೆ. ಕ್ರೋಮಿಯಂಗೆ ಬಂದಾಗ ಐದು ಆಗೈತೆ. ಅದರ ಮುಂದಿಂದಕ್ಕೂ ಐದೇ. ನಾಕು ಬಿಟ್ಟೋಗೈತಾ ಸಾರ್?"

ಅವನು ಗಡಿಯಾರ ನೋಡಿಕೊಂಡ. ಹಾಳೆಯನ್ನು ನೋಡಲಿಲ್ಲ.

"ಹೌದಾ? ಕೈತಪ್ಪಿರಬೇಕು. ಕ್ರಮವಾಗಿ ಹಾಕ್ಬುಡಮ್ಮ."

"ಪಕ್ಕದಲ್ಲಿ ಇದರ ಹಿಂದಿಂದಕ್ಕೂ ಮುಂದಿಂದಕ್ಕೂ ಎರಡು ಐತೆ, ಇದಕ್ಕೆ ಮಾತ್ರ ಒಂದು…"

"ಅದನ್ನೂ ಎರಡೇ ಮಾಡು. ಬಸ್ಸಿಗೆ ಹೊತ್ತಾಯ್ತು."

ಅಷ್ಟೇ ನಡೆದದ್ದು. ಕ್ರೋಮಿಯಂನಲ್ಲಿ ಎಸ್ ಆರ್ಬಿಟಲ್‌ನಿಂದ ಒಂದು ಎಲೆಕ್ಟ್ರಾನ್ ಹೊರಟು ಡಿಗೆ ಹೋಗುತ್ತದೆ. ಐದು ಗೂಟಕ್ಕೂ ಒಂದೊಂದು ಎತ್ತು ಆದರೆ ಸಮತೋಲ ಹೆಚ್ಚು. ಆದ್ದರಿಂದ ಡಿಯಲ್ಲಿ ಐದು, ಎಸ್‌ನಲ್ಲಿ ಒಂದು. ಇದನ್ನು ಅವನು ಹದಿನಾಲ್ಕು ವರ್ಷ ತರಗತಿಯಲ್ಲಿ ಬಾಯಿಮಾತಿನಲ್ಲೇ ಹೇಳಿಕೊಂಡು ಬಂದಿದ್ದ. ಬಾಯಿಪಾಠವಾದ ಮಾತಾದ್ದರಿಂದಲೋ ಏನೋ, ಪುಸ್ತಕದಲ್ಲಿ ಆ ವಿವರಣೆ ಬರೆಯುವುದು ಮರೆತೇಹೋಗಿತ್ತು. ಉಳಿದದ್ದು ಟೇಬಲ್ ಒಂದೇ. ಅದರಲ್ಲೂ ಈಗ ಡಿಗೆ ನಾಲ್ಕು, ಎಸ್‌ಗೆ ಎರಡು ಎಂದು ಅಚ್ಚಾಯಿತು.

ಪುಸ್ತಕ ಬಂತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ, ನಾಲ್ಕು ಕಡೆಯ ಅಂಗಡಿಗಳಲ್ಲೂ ಇಟ್ಟರು. ಅದಕ್ಕೊಂದು ಹೆಸರಿದ್ದರೂ ಮಕ್ಕಳ ಬಾಯಲ್ಲಿ ಅದು 'ಮಹದೇವಯ್ಯನ ನೋಟ್ಸು' ಎಂದೇ ಆಯಿತು. ಹಿಂದಿನ ರಟ್ಟಿನ ಒಳಗಡೆ ಕಾಲೇಜಿನ ವಿಳಾಸ ಕೊಟ್ಟು, 'ಸಂದೇಹವಿದ್ದರೆ ಸಂಕೋಚಪಡದೆ ಬರೆಯಿರಿ' ಎಂದು ಅವನೇ ಅಚ್ಚು ಹಾಕಿಸಿದ್ದ.

ಮರುವರ್ಷ ಏಪ್ರಿಲ್‌ನಲ್ಲಿ ಮೈಸೂರಿನಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನ. ಮಹದೇವಯ್ಯನ ಪಕ್ಕದ ಕುರ್ಚಿಯಲ್ಲಿ ಪಿರಿಯಾಪಟ್ಟಣದಿಂದ ಬಂದ ಕಾಂತರಾಜು ಎಂಬ ಲೆಕ್ಚರರ್ರು. ಇಬ್ಬರಿಗೂ ಹಳೆಯ ಸ್ನೇಹ. ಪ್ರಶ್ನೆಪತ್ರಿಕೆಯಲ್ಲಿ ಎರಡು ಅಂಕದ ಒಂದು ಪ್ರಶ್ನೆ ಇತ್ತು: ಕ್ರೋಮಿಯಂನ ಎಲೆಕ್ಟ್ರಾನ್ ವಿನ್ಯಾಸ ಬರೆದು ಕಾರಣ ಕೊಡಿ.

ಎರಡನೇ ದಿನ ಮಹದೇವಯ್ಯ ಒಂದು ಹೊಸ ಬಂಡಲ್ ಬಿಚ್ಚಿದ. ಮೊದಲ ಪತ್ರಿಕೆಯಲ್ಲೇ ಕ್ರೋಮಿಯಂ ತಪ್ಪು. ಡಿಗೆ ನಾಲ್ಕು, ಎಸ್‌ಗೆ ಎರಡು. ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆದು ಸೊನ್ನೆ ಹಾಕಿದ. ಎರಡನೆಯದರಲ್ಲೂ ಅದೇ. ನಾಲ್ಕನೆಯದು, ಐದನೆಯದು, ಏಳನೆಯದು…

"ಯಾವ ಪುಣ್ಯಾತ್ಮ ಇವಕ್ಕೆ ಪಾಠ ಹೇಳವ್ನಪ್ಪಾ" ಎಂದು ಅವನು ಕಾಂತರಾಜುವಿನ ಕಡೆ ತಿರುಗಿ ನಕ್ಕ. "ಕುರಿಮಂದೆ ಬಾವಿಗೆ ಬಿದ್ದಂಗೆ ಬಿದ್ದವೆ ಎಲ್ಲ."

"ನನ್ನ ಬಂಡಲ್ಲೂ ಅಂಗೇ ಕಣಯ್ಯ" ಎಂದ ಕಾಂತರಾಜು. "ಇಲ್ನೋಡು, ಕಾರಣ ಏನ್ ಕೊಟ್ಟವ್ನೆ ಅಂತ. ವನ್ ಬುಲಕ್ ಫಾರ್ ವನ್ ಪೆಗ್ ಅಂತೆ! ಪರೀಕ್ಷೆ ಬರೆಯಕ್ಕೆ ಮುಂಚೆ ಒಂದು ಪೆಗ್ ಆಕ್ಕಂಡು ಬಂದಿದ್ನೋ ಏನೋ."

ಸುತ್ತಲಿದ್ದ ಮೂರು ನಾಲ್ಕು ಜನ ಗೊಳ್ಳೆಂದು ನಕ್ಕರು. ಮಹದೇವಯ್ಯ ನಗಲಿಲ್ಲ.

ಅವನು ತನ್ನ ಬಂಡಲಿನ ಪತ್ರಿಕೆಗಳನ್ನು ಮತ್ತೆ ಮಗುಚಿ ನೋಡಿದ. ಸೊನ್ನೆ ಹಾಕಿದ ಒಂದೊಂದು ಉತ್ತರದ ಕೆಳಗೂ ಅವನದೇ ವಾಕ್ಯ, ಅವನದೇ ಒರಟು ಇಂಗ್ಲಿಷು, ಅಲ್ಪವಿರಾಮವೂ ಅವನು ಹಾಕಿದ ಜಾಗದಲ್ಲೇ. ಹಾಗಾದರೆ ಡಿಗೆ ನಾಲ್ಕು ಎಂಬ ಆ ತಪ್ಪೂ ಅವನದೇ. ಬಸ್ಸಿಗೆ ಹೊತ್ತಾಯ್ತು ಎಂದು ತಾನು ಅಂದ ಮಾತು ಆಗ ಅವನ ಕಿವಿಗೆ ಬಂತು.

ಬಂಡಲಿನ ಕೊನೆಯ ಹೊತ್ತಿಗೆ ಒಂದು ಪತ್ರಿಕೆ ಬಂತು. ಅಕ್ಷರ ದುಂಡಗೆ, ಒತ್ತಿ ಬರೆದದ್ದು. ಕ್ರೋಮಿಯಂನ ಜಾಗದಲ್ಲಿ ಮೊದಲು ಡಿಗೆ ಐದು, ಎಸ್‌ಗೆ ಒಂದು ಎಂದು ಸರಿಯಾಗೇ ಬರೆದಿತ್ತು. ಅದರ ಮೇಲೆ ಸ್ಕೇಲ್ ಇಟ್ಟು ಎರಡು ಗೆರೆ ಎಳೆದು ಹೊಡೆದುಹಾಕಿ, ಕೆಳಗೆ ನಾಲ್ಕು, ಎರಡು ಎಂದು ಬರೆದಿತ್ತು. ಹೊಡೆದುಹಾಕಿದ ಉತ್ತರಕ್ಕೆ ಅಂಕವಿಲ್ಲ, ಅದು ನಿಯಮ. ಮಹದೇವಯ್ಯ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದ. ಆಮೇಲೆ ಸೊನ್ನೆ ಹಾಕಿದ. ಒಟ್ಟು ಕೂಡಿದಾಗ ಮೂವತ್ತಮೂರು ಬಂತು. ಪಾಸಾಗಲು ಮೂವತ್ತೈದು ಬೇಕು. ಬೇರೆಲ್ಲಾದರೂ ಅರ್ಧ, ಒಂದು ಸಿಗುತ್ತದೇನೋ ಎಂದು ಮೊದಲಿಂದ ಕೊನೆಯವರೆಗೆ ಎರಡು ಸಲ ಹುಡುಕಿದ. ಸಿಗಲಿಲ್ಲ.

ಎದ್ದು ಮುಖ್ಯ ಮೌಲ್ಯಮಾಪಕರ ಮೇಜಿನ ಬಳಿಗೆ ಹೋದ. ಹೇಳಬೇಕೆಂದೇ ಹೋದದ್ದು: ಸಾರ್, ಇದು ಮಕ್ಕಳ ತಪ್ಪಲ್ಲ, ನನ್ನ ಪುಸ್ತಕದ ತಪ್ಪು, ಏನಾದರೂ ಮಾಡಲು ಬರುತ್ತದಾ ನೋಡಿ ಎಂದು. ಅವರು ಕನ್ನಡಕದ ಮೇಲಿಂದ ನೋಡಿ, "ಏನ್ ಮಹದೇವಯ್ಯನೋರೇ?" ಅಂದರು. ಅವನ ಹಿಂದೆ ಕಾಂತರಾಜು ಇನ್ನೊಬ್ಬರಿಗೆ ಆ ಪೆಗ್ಗಿನ ಮಾತು ಹೇಳಿ ನಗುತ್ತಿದ್ದ.

"ಕೆಂಪು ರೀಫಿಲ್ ಖಾಲಿಯಾಯ್ತು ಸಾರ್" ಎಂದ ಮಹದೇವಯ್ಯ.

ಅವರು ಡ್ರಾಯರ್ ಎಳೆದು ಒಂದು ರೀಫಿಲ್ ಕೊಟ್ಟರು. ಅದನ್ನು ಹಿಡಿದುಕೊಂಡು ಅವನು ವಾಪಸು ಬಂದು ಕೂತ. ಆ ಬಂಡಲಿನಲ್ಲಿ ಅವನ ವಾಕ್ಯ ಬರೆದು ಸೊನ್ನೆ ತಗೊಂಡವರು ಹದಿನೇಳು ಜನ. ಬೇರೆ ಮೇಜುಗಳಲ್ಲಿ ಎಷ್ಟು ಜನವೋ. ಹೊಡೆದುಹಾಕಿದ್ದ ಪತ್ರಿಕೆಯ ನೋಂದಣಿ ಸಂಖ್ಯೆಯನ್ನು ಬರೆದುಕೊಳ್ಳುವುದೇನೂ ಬೇಕಾಗಲಿಲ್ಲ. ಅದು ತಾನಾಗೇ ತಲೆಯಲ್ಲಿ ಕೂತುಬಿಟ್ಟಿತು.

ಹುಣಸೂರಿಗೆ ಬಂದವನು ಮನೆಗೂ ಹೋಗದೆ ನೇರ ಪ್ರೆಸ್ಸಿಗೆ ಹೋದ. ಪುಸ್ತಕ ತೆಗೆಸಿ ಪುಟ ತೋರಿಸಿದ. ಸಿದ್ದಮಲ್ಲಪ್ಪನಿಗೆ ವಿಷಯ ಅರ್ಥವಾಗಿದ್ದೇ ತಡ, ಕಂಪ್ಯೂಟರಿನ ಕಡೆ ತಿರುಗಿದ.

"ಏನಮ್ಮಾ ಕಾವ್ಯಾ, ಕಣ್ಣೆಲ್ಲಿ ಇಕ್ಕಂಡಿದ್ದೆ? ಮೇಷ್ಟ್ರ ಮಾನ ಕಳೆದಲ್ಲಾ. ನಾಳೆಯಿಂದ ಬರಬೇಡ ನೀನು."

ಕಾವ್ಯಶ್ರೀ ಎದ್ದು ನಿಂತಳು. ಅವಳ ಮುಖ ಬಿಳಿಚಿಕೊಂಡಿತ್ತು. ಅವಳು ಮಾಲೀಕನನ್ನು ನೋಡಲಿಲ್ಲ. ಮಹದೇವಯ್ಯನನ್ನು ನೋಡಿದಳು, ಅಷ್ಟೇ. ಒಂದು ಗಳಿಗೆ, ಬರೀ ಒಂದು ಗಳಿಗೆ, ಅವನಿಗೆ ಸುಮ್ಮನಿದ್ದುಬಿಡೋಣ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅವನಿಗೆ ಆಮೇಲೂ ನಾಚಿಕೆಯಾಗುತ್ತಿತ್ತು.

"ಅವಳನ್ನ ಬೈಬೇಡಿ ಸಿದ್ದಮಲ್ಲಪ್ಪನೋರೇ" ಎಂದ. "ಅವಳು ಕೇಳಿದ್ಲು. ನಾನೇ ಹಾಳೆ ನೋಡದೆ ಹೇಳ್ದೆ."

ಮಾರದೆ ಉಳಿದ ಪ್ರತಿಗಳನ್ನು ನಾಲ್ಕು ತಾಲ್ಲೂಕಿನ ಅಂಗಡಿಗಳಿಂದಲೂ ತರಿಸಿದರು. ತಿದ್ದುಪಡಿಯ ಚೀಟಿ ಅಚ್ಚು ಹಾಕಿಸಿ, ಬೇಸಿಗೆ ರಜೆಯಲ್ಲಿ ಮನೆಯ ನಡುಮನೆಯಲ್ಲಿ ಕೂತು ಒಂದೊಂದಕ್ಕೂ ಅವನೇ ಅಂಟಿಸಿದ. "ಗೋಂದಿನ ಕೈಯಲ್ಲೇ ಊಟಕ್ಕೆ ಕೂತ್ಕೋತೀರಲ್ರೀ" ಎಂದು ವಿಮಲಮ್ಮ ಗದರುತ್ತಿದ್ದಳು. ಅವಳಿಗೆ ಪುಸ್ತಕದ ತಪ್ಪು ಹೇಳಿದ್ದ. ಮೌಲ್ಯಮಾಪನದ ಕೋಣೆಯಲ್ಲಿ ರೀಫಿಲ್ ಕೇಳಿ ಬಂದದ್ದನ್ನು ಹೇಳಿರಲಿಲ್ಲ.

ಮೇ ತಿಂಗಳಲ್ಲಿ ಪೇಪರಿನಲ್ಲಿ ಪಾಸಾದವರ ಸಂಖ್ಯೆಗಳು ಸಾಲುಸಾಲಾಗಿ ಬಂದವು. ಅವನು ಬೆರಳಿಟ್ಟು ಹುಡುಕಿದ. ಹಿಂದಿನ ಸಂಖ್ಯೆ ಇತ್ತು. ಮುಂದಿನ ಮೂರು ಇರಲಿಲ್ಲ. ನಡುವಿನ ಆ ಸಂಖ್ಯೆಯೂ ಇರಲಿಲ್ಲ. ಅದು ಕೋಟೆ ಕಡೆಯ ಒಂದು ಕಾಲೇಜಿನದು ಎಂದು ಸಾಲಿನ ಮೇಲಿದ್ದ ಹೆಸರಿನಿಂದ ಗೊತ್ತಾಗುತ್ತಿತ್ತು. ಎರಡು ದಿನ ತಡೆದ. ಮೂರನೇ ದಿನ ಬಸ್ಸು ಹತ್ತಿದ. ಆ ಕಾಲೇಜಿನ ಗುಮಾಸ್ತರು ರಿಜಿಸ್ಟರ್ ನೋಡಿ ಹೇಳಿದರು: ನೀಲಾಂಬಿಕೆ, ತಂದೆ ಬಸವರಾಜು, ಹಂಪಾಪುರ. "ಚೆನ್ನಾಗಿ ಓದೋ ಹುಡುಗಿ ಸಾರ್. ಮಿಕ್ಕಿದ್ದೆಲ್ಲ ಪಾಸು. ಕೆಮಿಸ್ಟ್ರಿಗೆ ಇಡೀ ವರ್ಷ ಇಲ್ಲಿ ಮೇಷ್ಟ್ರೇ ಇರ್ಲಿಲ್ಲ ನೋಡಿ."

ಹಂಪಾಪುರದಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು. ಮನೆ ಕೇಳಿಕೊಂಡು ಹೋದ. ಜಗಲಿಯ ಮೇಲೆ ನೇಗಿಲಿನ ಕುಳ ನೋಡುತ್ತಾ ಕೂತಿದ್ದ ಬಸವರಾಜು, ಹೆಸರು ಕೇಳಿದ್ದೇ ಎದ್ದು ನಿಂತ.

"ಮಹದೇವಯ್ಯ ಮೇಷ್ಟ್ರಾ? ಆ ಪುಸ್ಕ ಬರ್ದೋರಾ? ಬನ್ನಿ ಸಾ, ಕುಂತ್ಕಳಿ. ಏ ಪ್ರೇಮಾ, ಚಾಪೆ ತತ್ತಾ. ನೀಲಾ, ಯಾರು ಬಂದವ್ರೆ ನೋಡ್ಬಾ ಇಲ್ಲಿ."

ಅವನ ಹೆಂಡತಿ ಪ್ರೇಮಮ್ಮ ಚಾಪೆ ಹಾಸಿ, ನೀರು ಕೊಟ್ಟು, ಕಾಫಿಗಿಡಲು ಒಳಗೆ ಹೋದಳು. ಬಾಗಿಲ ಹಿಂದೆ ನೀಲಾಂಬಿಕೆ ಬಂದು ನಿಂತಳು. ಸಣ್ಣಗೆ, ಎತ್ತರವಾಗಿ, ಹಣೆಗೆ ವಿಭೂತಿ ಇಟ್ಟಿದ್ದ ಹುಡುಗಿ. ನಮಸ್ಕಾರ ಮಾಡಲು ಬಗ್ಗಿದವಳನ್ನು ಅವನು ತಡೆದ.

"ನಮ್ಮ ಕಾಲೇಜಲ್ಲಿ ಮೇಷ್ಟ್ರಿರ್ನಿಲ್ಲ ಸಾ" ಎಂದ ಬಸವರಾಜು. "ನಿಮ್ಮ ಪುಸ್ಕವೇ ನನ್ನ ಮೇಷ್ಟ್ರು ಕಣಪ್ಪ ಅಂತಿದ್ಲು. ಏನ್ಮಾಡದು, ಎರಡು ನಂಬರ್‌ನಲ್ಲಿ ಓಯ್ತು. ಅಣೆಬರ."

"ಹಣೆಬರಹ ಅಲ್ಲ ಬಸವರಾಜಪ್ಪನೋರೇ. ಅದು ನಾನು ಮಾಡಿದ್ದು."

ಅವನು ಹೇಳಿದ. ಟೇಬಲಿನ ತಪ್ಪು, ಆ ದಿನದ ಆತುರ, ತನ್ನ ಕೈಯಿಂದಲೇ ಹಾಕಿದ ಸೊನ್ನೆ, ರೀಫಿಲ್ಲು ಎಲ್ಲವನ್ನೂ ಹೇಳಿದ. ಪ್ರೇಮಮ್ಮ ಕಾಫಿಯ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಬಸವರಾಜುವಿಗೆ ಎಲೆಕ್ಟ್ರಾನಿನ ವಿಷಯ ತಿಳಿಯದಿದ್ದರೂ ಮೇಷ್ಟ್ರು ಏನೋ ಒಪ್ಪಿಕೊಳ್ಳುತ್ತಿದ್ದಾರೆ ಅನ್ನುವುದು ತಿಳಿಯಿತು. ತಲೆ ತಗ್ಗಿಸಿ ಕೂತ.

"ನೀನು ಮೊದಲು ಸರಿಯಾಗೇ ಬರೆದಿದ್ದೆಯಲ್ಲಮ್ಮಾ. ಯಾಕೆ ಹೊಡೆದುಹಾಕ್ದೆ?"

ನೀಲಾಂಬಿಕೆ ಒಳಗೆ ಹೋಗಿ ಪುಸ್ತಕ ತಂದಳು. ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿ ಹೊಲಿದಿದ್ದಳು. ಆ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು.

"ಲೈಬ್ರರಿ ಬುಕ್ಕಲ್ಲಿ ಐದು ಅಂತಿತ್ತು ಸಾರ್. ಅದನ್ನ ಬರ್ದೋರು ಯಾರೋ, ಅವ್ರ ಇಂಗ್ಲಿಷು ನಂಗೆ ಅರ್ಧ ಗೊತ್ತಾಗ್ತಿರ್ನಿಲ್ಲ. ನಿಮ್ಮ ಪುಸ್ತಕದಲ್ಲಿ ಗೂಟಕ್ಕೊಂದು ಎತ್ತು ಅಂತ ಓದ್ದಾಗ ಐದೇ ಸರಿ ಇರ್ಬೇಕು ಅನ್ನಿಸ್ತು. ಆದ್ರೆ ಟೇಬಲ್‌ನಲ್ಲಿ ನಾಕು. ಅದಕ್ಕೆ ನಿಮ್ಗೆ ಕಾರ್ಡ್ ಬರ್ದಿದ್ದೆ, ಜನವರೀಲಿ. ಉತ್ತರ ಬರ್ನಿಲ್ಲ. ತಪ್ಪಿದ್ದಿದ್ರೆ ಸಾರ್ ಬರೀದೆ ಇರ್ತಿದ್ರಾ, ನಾಕೇ ಸರಿ ಇರ್ಬೇಕು ಅಂದ್ಕಂಡೆ."

ಮಹದೇವಯ್ಯನಿಗೆ ಆ ಕ್ಷಣದಲ್ಲೇ ನೆನಪಾಯಿತು. ಸಂಕ್ರಾಂತಿಗೆ ಎರಡು ದಿನ ಮುಂಚೆ, ಕಾಲೇಜಿನ ಅಟೆಂಡರ್ ದಾಸಯ್ಯ ತಂದುಕೊಟ್ಟ ಹಳದಿ ಕಾರ್ಡು. ದುಂಡನೆಯ ಅಕ್ಷರ. ಕ್ರೋಮಿಯಂ ಅನ್ನುವ ಒಂದು ಪದ ಕಣ್ಣಿಗೆ ಬಿದ್ದಿತ್ತು. ಹಬ್ಬ ಆದಮೇಲೆ ಬರೆದರಾಯಿತು ಎಂದು ಹಾಜರಿ ಪುಸ್ತಕದೊಳಗೆ ಸಿಕ್ಕಿಸಿದ್ದ. ಆ ನಾಲ್ಕು ಸಾಲು ಓದಿದ್ದರೆ ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು. ಎಲ್ಲ ಕಾಲೇಜಿಗೂ ತಿಳಿಸಬಹುದಿತ್ತು.

ಮೂರು ಜನವೂ ಅವನನ್ನೇ ನೋಡುತ್ತಿದ್ದರು. ಅಷ್ಟು ಹೇಳಿದವನಿಗೆ ಇದೊಂದು ಹೇಳುವುದು ಕಷ್ಟವಾಗಬಾರದಿತ್ತು.

"ಕಾರ್ಡು… ನನ್ನ ಕೈಗೆ ಸೇರ್ಲಿಲ್ಲವಲ್ಲಮ್ಮಾ" ಎಂದ.

"ಎಲ್ಲೋ ದಾರೀಲಿ ಕಳ್ದೋಗಿರ್ತದೆ ಬುಡಿ ಸಾ" ಎಂದ ಬಸವರಾಜು. "ಕಾಫಿ ತಣ್ಣಗಾಯ್ತದೆ, ಕುಡೀರಿ. ಇಷ್ಟು ದೂರ ಬಂದು ಏಳಿದ್ರಲ್ಲ, ಯಾರು ಏಳ್ತಾರೆ ಈ ಕಾಲದಲ್ಲಿ?"

ಅವನು ಕುಡಿದ. ಆ ಕಾಫಿಯ ರುಚಿ ಅವನಿಗೆ ಗೊತ್ತಾಗಲಿಲ್ಲ.

ಅಕ್ಟೋಬರಿನಲ್ಲಿ ಮತ್ತೆ ಪರೀಕ್ಷೆ ಕಟ್ಟಬಹುದಿತ್ತು. ಜೂನ್ ಮೊದಲ ಭಾನುವಾರದಿಂದ ಮಹದೇವಯ್ಯ ಪ್ರತಿ ವಾರ ಹಂಪಾಪುರಕ್ಕೆ ಹೋದ. ಅದೇ ಕಾಲೇಜಿನಲ್ಲಿ ಫೇಲಾದ ಇನ್ನೂ ಮೂವರು ಹುಡುಗಿಯರು ಬಂದು ಸೇರಿದರು. ಜಗಲಿಯೇ ಕ್ಲಾಸು, ಬಾಗಿಲ ಪಕ್ಕದ ಗೋಡೆಗೆ ಆನಿಸಿದ ಹಲಗೆಯೇ ಬೋರ್ಡು. ಪರಮಾಣುವಿನಿಂದಲೇ ಶುರು ಮಾಡಿದ. ನೀಲಾಂಬಿಕೆ ಸುಮ್ಮನೆ ತಲೆ ಆಡಿಸುವವಳಲ್ಲ. ಕ್ಲೋರಿನ್ನಿನ ತೂಕ ಮೂವತ್ತೈದೂವರೆ ಹೇಗೆ ಸಾರ್, ಅರ್ಧ ನ್ಯೂಟ್ರಾನ್ ಇರ್ತದಾ ಎಂದು ಕೇಳಿದಳು. ಅವನು ಐಸೊಟೋಪು ವಿವರಿಸಿದ: ಪ್ರೋಟಾನು ಅಷ್ಟೇ, ಗುಣವೂ ಅದೇ, ನ್ಯೂಟ್ರಾನು ಮಾತ್ರ ಹೆಚ್ಚುಕಮ್ಮಿ, ನಾಲ್ಕರಲ್ಲಿ ಮೂರು ಪಾಲು ಮೂವತ್ತೈದರದು, ಒಂದು ಪಾಲು ಮೂವತ್ತೇಳರದು, ಸರಾಸರಿ ತೆಗೆದರೆ ಆ ಅರ್ಧ ಬರುತ್ತದೆ. ಬೆಳ್ಳುಳ್ಳಿ ಬಿಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದ ಪ್ರೇಮಮ್ಮ, "ನಮ್ಮತ್ತೆ ಮಕ್ಕಳಂಗೆ ಅನ್ನಿ. ಬುದ್ಧಿ ಎಲ್ಲಾರ್ದೂ ಒಂದೇ, ತೂಕ ಬೇರೆ" ಎಂದಳು. ಹುಡುಗಿಯರೆಲ್ಲ ನಕ್ಕರು. ಮಹದೇವಯ್ಯನೂ ನಕ್ಕ.

ಆದರೆ ಪ್ರತಿ ಭಾನುವಾರ ಅವನು ಹೊರಟು ನಿಂತಾಗ ಪ್ರೇಮಮ್ಮ ತರಕಾರಿಯೋ ಹಾಲೋ ಕೈಗಿಟ್ಟು, "ದೇವ್ರಂಗೆ ಬಂದ್ರಿ ಸಾ" ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಅವನ ಕಾಲು ಬೇಗಬೇಗ ಬಸ್ಸಿನ ಕಡೆ ಹೋಗುತ್ತಿತ್ತು. ಹಾಜರಿ ಪುಸ್ತಕದಲ್ಲಿ ಆ ಕಾರ್ಡು ಅವನಿಗೆ ಸಿಕ್ಕಿತ್ತು. ಹರಿದುಹಾಕಲು ಕೈ ಬರಲಿಲ್ಲ. ಈ ವಾರ ಹೇಳುತ್ತೇನೆ, ಈ ವಾರ ಹೇಳುತ್ತೇನೆ ಎಂದು ಜೇಬಿನಲ್ಲಿಟ್ಟುಕೊಂಡು ಹೋಗಿ, ಹಾಗೇ ವಾಪಸು ತರುತ್ತಿದ್ದ. ಪರೀಕ್ಷೆ ಹತ್ತಿರ ಬಂದಮೇಲೆ, ಈಗ ಹೇಳಿದರೆ ಹುಡುಗಿಯ ಮನಸ್ಸು ಕೆಡುತ್ತದೆ ಎಂದು ಒಂದು ನೆಪ ಸಿಕ್ಕಿತು. ಅದು ನೆಪ ಎಂದು ಅವನಿಗೂ ಗೊತ್ತಿತ್ತು.

ಮುಖ್ಯ ಮೌಲ್ಯಮಾಪಕರಿಗೆ ಮಾತ್ರ ಒಂದು ಕಾಗದ ಬರೆದ, ನಡೆದದ್ದನ್ನೆಲ್ಲ ಒಪ್ಪಿಕೊಂಡು. ಫಲಿತಾಂಶ ಪ್ರಕಟವಾದ ಮೇಲೆ ಏನೂ ಮಾಡಲು ಬರುವುದಿಲ್ಲ, ಅವತ್ತೇ ಹೇಳಿದ್ದರೆ ನೋಡಬಹುದಿತ್ತು ಎಂದು ಅವರು ಎರಡೇ ಸಾಲಿನಲ್ಲಿ ಉತ್ತರ ಕೊಟ್ಟರು. ಆ ಎರಡನೆಯ ಸಾಲನ್ನು ಅವನು ಎಷ್ಟು ಸಲ ಓದಿದನೋ.

ಡಿಸೆಂಬರಿನಲ್ಲಿ ಫಲಿತಾಂಶ ಬಂತು. ನೀಲಾಂಬಿಕೆಗೆ ಅರವತ್ತೊಂದು. ಉಳಿದ ಮೂವರಲ್ಲಿ ಇಬ್ಬರು ಪಾಸು. ಆ ಭಾನುವಾರ ಬಸವರಾಜು ಮಗಳನ್ನು ಕರೆದುಕೊಂಡು, ಒಂದು ಚೀಲ ಸೊಗಡಿನ ಅವರೆಕಾಯಿ ಹೊತ್ತುಕೊಂಡು ಹುಣಸೂರಿಗೆ ಬಂದ. ವಿಮಲಮ್ಮ ಪಾಯಸ ಮಾಡಿದಳು. ಊಟವಾದ ಮೇಲೆ ನೀಲಾಂಬಿಕೆ, "ಈ ವರ್ಷ ಎಲ್ಲೂ ಸೇರ್ಕಳಕ್ಕೆ ಆಗಲ್ಲ ಸಾರ್. ಜೂನ್‌ನಲ್ಲಿ ಮೈಸೂರಲ್ಲಿ ಲ್ಯಾಬ್ ಟೆಕ್ನೀಷಿಯನ್ ಕೋರ್ಸಿಗೆ ಅರ್ಜಿ ಆಕ್ತೀನಿ" ಎಂದಳು. ಅವಳ ಮುಖದಲ್ಲಿ ಸಂತೋಷವಿತ್ತು. ಕಳೆದುಹೋದ ಒಂದು ವರ್ಷವನ್ನು ಅವಳು ಯಾರ ಲೆಕ್ಕಕ್ಕೂ ಹಚ್ಚಲಿಲ್ಲ.

ಮಹದೇವಯ್ಯ ಎದ್ದು ಒಳಗೆ ಹೋಗಿ ಕಾರ್ಡು ತಂದು ಅವಳ ಮುಂದಿಟ್ಟ.

"ಇದು ಬಂದಿತ್ತಮ್ಮಾ. ಜನವರೀಲೇ ಬಂದಿತ್ತು. ಓದದೆ ಇಟ್ಟಿದ್ದೆ. ಅವತ್ತು ನಿಮ್ಮನೇಲಿ ನಾನು ಹೇಳಿದ್ದು ಸುಳ್ಳು."

ನೀಲಾಂಬಿಕೆ ಕಾರ್ಡು ತೆಗೆದುಕೊಂಡು ತನ್ನದೇ ಅಕ್ಷರವನ್ನು ಪೂರ್ತಿ ಓದಿದಳು. ಕಾರ್ಡು ಮಗುಚಿ ವಿಳಾಸವನ್ನೂ ನೋಡಿದಳು. ವಿಮಲಮ್ಮ ಗಂಡನ ಮುಖ ನೋಡಿದಳು. ಅವಳಿಗೂ ಇದು ಹೊಸದು.

"ಬುಡವ್ವ, ಆಗಿದ್ದಾಯ್ತು" ಎಂದ ಬಸವರಾಜು ಮೆಲ್ಲಗೆ. "ಈಗ ಪಾಸಾಗಿದ್ದೀಯಲ್ಲ."

"ಅದಲ್ಲ ಕಣಪ್ಪ." ಅವಳ ದನಿ ಏರಲಿಲ್ಲ. "ಟೇಬಲ್ ತಪ್ಪಾಗಿದ್ದು ಬ್ಯಾರೆ. ಕಾರ್ಡ್ ಓದ್ದೆ ಇದ್ದದ್ದೂ ಬ್ಯಾರೆ, ಕೆಲಸ ಇರ್ತದೆ, ಮರ್ತೋಗ್ತದೆ. ನಮ್ಮ ಜಗಲಿ ಮೇಲೆ ಕುಂತ್ಕಂಡು, ನಮ್ಮವ್ವ ಕೊಟ್ಟ ಕಾಫಿ ಮುಂದಿಕ್ಕಂಡು ಸುಳ್ಳು ಏಳಿದ್ರಲ್ಲ ಸಾರ್, ಅದು. ಕಾರ್ಡ್‌ಗೆ ವಿಳಾಸ ನಾನೇ ಸರಿಯಾಗಿ ಬರ್ದಿಲ್ಲ ಅಂದ್ಕಂಡಿದ್ದೆ ಇಷ್ಟು ದಿವ್ಸ. ನನ್ನ ಬುದ್ಧಿಗೇ ಬೈಕಂಡಿದ್ದೆ."

ತಪ್ಪಾಯ್ತು ಅನ್ನುವುದನ್ನೂ ಅವನು ಆಗಲೇ ಒಂದು ಸಲ ಅವರ ಮನೆಯಲ್ಲೇ ಹೇಳಿ ಮುಗಿಸಿದ್ದ.

ಹೊರಡುವಾಗ ನೀಲಾಂಬಿಕೆ ವಿಮಲಮ್ಮನಿಂದ ಕುಂಕುಮ ತೆಗೆದುಕೊಂಡಳು. ಅವನಿಗೆ ನಮಸ್ಕಾರ ಮಾಡಿದಳು, ಆದರೆ ನಿಂತಲ್ಲಿಂದಲೇ. "ಇನ್ನೂ ಎಷ್ಟು ಜನ ಸಾರ್ ನನ್ನಂಗೆ?" ಎಂದು ಮಾತ್ರ ಕೇಳಿದಳು.

"ಗೊತ್ತಿಲ್ಲಮ್ಮಾ" ಎಂದ. ಆ ಉತ್ತರವಾದರೂ ನಿಜವಾಗಿತ್ತು.

ಅವಳು ಮತ್ತೆ ಬರಲಿಲ್ಲ. ಅವನೂ ಹಂಪಾಪುರದ ಕಡೆ ಹೋಗಲಿಲ್ಲ, ಹೋಗಲು ಮುಖವಿರಲಿಲ್ಲ. ಮಹದೇವಯ್ಯ ಆಮೇಲೆ ಮೌಲ್ಯಮಾಪನಕ್ಕೂ ಹೋಗಲಿಲ್ಲ. ಆರೋಗ್ಯ ಸರಿಯಿಲ್ಲ ಎಂದು ವರ್ಷವರ್ಷವೂ ಬರೆದುಕೊಟ್ಟ. ಆ ಬಂಡಲಿನ ಉಳಿದ ಹದಿನಾರು ಜನ ಯಾರು, ಏನಾದರು ಎಂದು ತಿಳಿಯುವ ದಾರಿ ಅವನಿಗೆ ಕಾಣಲಿಲ್ಲ. ಬಸ್ಸಿನಲ್ಲಿ, ಹೊಗೆಸೊಪ್ಪಿನ ಹರಾಜಿನ ಹತ್ತಿರ, ಬಟ್ಟೆ ಅಂಗಡಿಯ ಗಲ್ಲಾದ ಹಿಂದೆ ಆ ವಯಸ್ಸಿನವರು ಯಾರಾದರೂ ಕಂಡರೆ, ಇವರಿರಬಹುದೇ ಎಂದು ನೋಡುವುದು ಅವನಿಗೆ ರೂಢಿಯಾಯಿತು.

ಎರಡು ಸಾವಿರದ ನಾಲ್ಕರಲ್ಲಿ ಅವನಿಗೆ ಸಕ್ಕರೆ ಕಾಯಿಲೆಯ ಅನುಮಾನ ಬಂತು. ಕೆ.ಆರ್.ನಗರಕ್ಕೆ ಷಡ್ಡಕನ ಮನೆಗೆ ಹೋಗಿದ್ದಾಗ, ಅವನೇ ಒಂದು ಲ್ಯಾಬಿಗೆ ಕರೆದುಕೊಂಡು ಹೋಗಿ ಬಿಟ್ಟ. ಬಿಳಿ ಕೋಟು ಹಾಕಿಕೊಂಡು ಪರದೆ ಸರಿಸಿ ಬಂದವಳು ನೀಲಾಂಬಿಕೆ.

ಅವಳು ಚೀಟಿಯ ಮೇಲಿನ ಹೆಸರು ನೋಡಿದಳು, ಮುಖ ನೋಡಿದಳು. "ಕುಂತ್ಕಳಿ ಸಾರ್. ಅಂಗಿ ತೋಳು ಮೇಲೆತ್ತಿ." ಅವಳ ಕೈ ಹಗುರವಾಗಿತ್ತು. ಸೂಜಿ ಚುಚ್ಚಿದ್ದು ಗೊತ್ತಾಗಲಿಲ್ಲ. ಸೀಸೆಯ ಮೇಲೆ ಹೆಸರು ಬರೆದು, ಚೀಟಿಯೊಡನೆ ಹೋಲಿಸಿ, ಅವನನ್ನೇ ಮತ್ತೆ ಹೆಸರು ಕೇಳಿ, ಇನ್ನೊಮ್ಮೆ ಹೋಲಿಸಿದಳು. ಪಕ್ಕದ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ಮರಮ್ಮ ಎಂಬ ಮುದುಕಿ, "ಗುರ್ತದವ್ರೇನವ್ವ?" ಎಂದಳು.

"ಊಂ ಕಣಜ್ಜಿ. ನಮ್ಮ ಮೇಷ್ಟ್ರು. ಕೆಮಿಸ್ಟ್ರಿ ಏಳ್ಕೊಟ್ಟೋರು."

ಅವಳು ಅದನ್ನು ವ್ಯಂಗ್ಯವಾಗಿ ಹೇಳಲಿಲ್ಲ, ಅಕ್ಕರೆಯಿಂದಲೂ ಹೇಳಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದಳು. ಮುದುಕಿ ಎರಡೂ ಕೈ ಎತ್ತಿ ಮುಗಿದಳು, "ಪುಣ್ಯವಂತ್ರು" ಎಂದಳು.

ಮಹದೇವಯ್ಯ ಏನೋ ಹೇಳಲು ಹೊರಟ. ನೀಲಾಂಬಿಕೆ ಹತ್ತಿಯ ಉಂಡೆಯನ್ನು ಅವನ ತೋಳಿಗೆ ಒತ್ತಿ, "ಐದು ನಿಮಿಷ ಇಂಗೇ ಇಡ್ಕಂಡಿರಿ ಸಾರ್. ರಿಪೋರ್ಟ್ ಸಾಯಂಕಾಲ ಬತ್ತದೆ" ಎಂದು ಮುದುಕಿಯ ಕಡೆ ತಿರುಗಿದಳು.

ಅವನು ಹೊರಗಿನ ಬೆಂಚಿಗೆ ಬಂದು ಕೂತ. ತಾನು ಪುಣ್ಯವಂತನಲ್ಲ ಎಂದು ಕೈ ಮುಗಿದ ಆ ಮುದುಕಿಗೆ ಹೇಳಬೇಕಿತ್ತು, ಹೇಳದೆ ಎದ್ದುಬಂದಿದ್ದ. ರಕ್ತ ಯಾವಾಗಲೋ ನಿಂತಿತ್ತು. ಷಡ್ಡಕ ಬಂದು, "ಏಳಿ ಭಾವ, ಮುಗೀತಲ್ಲ" ಎನ್ನುವವರೆಗೂ ಅವನು ಹತ್ತಿಯನ್ನು ಒತ್ತಿಕೊಂಡೇ ಕೂತಿದ್ದ.